ವಿಷವಿಲ್ಲದೆ ಅಂಟು ತಯಾರಿಸಬಹುದೇ?

ಶೂವಿನ ಅಟ್ಟೆ ಕಳಚಿಕೊಳ್ಳದಂತೆ, ಕಾರಿನ ಮುಂದಿನ ಗಾಜು ಅಲುಗಾಡದಂತೆ, ಬಡಗಿ ಜೋಡಿಸಿದ ಮರ ಬಿಡದಂತೆ ಹಿಡಿದಿಡುವ ಅಂಟುಗಳಲ್ಲಿ ಪಾಲಿಯುರೆಥೇನ್ ಮುಖ್ಯವಾದುದು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ತಯಾರಿಸುವ ವಿಧಾನ ಕಂಡುಹಿಡಿದರು.

ಇದಕ್ಕೆ ಬೇಕಾದ ವಸ್ತುಗಳು ಎರಡು. ಒಂದು, ಹಲವು ಹೈಡ್ರಾಕ್ಸಿಲ್ ಗುಂಪುಗಳಿರುವ ಪಾಲಿಯಾಲ್. ಇನ್ನೊಂದು, ಡೈಐಸೊಸೈನೇಟ್. ಇದರ ಅಣುವಿನಲ್ಲಿ ನೈಟ್ರೋಜನ್, ಕಾರ್ಬನ್, ಆಕ್ಸಿಜನ್ ಸಾಲಾಗಿ ಸೇರಿದ ಎರಡು ಗುಂಪುಗಳಿರುತ್ತವೆ. ಇವೆರಡೂ ಬೆರೆತರೆ ಯುರೆಥೇನ್ ಬಂಧಗಳು ಏರ್ಪಟ್ಟು ಉದ್ದನೆಯ ಸರಪಳಿ ಬೆಳೆಯುತ್ತದೆ.

ತೊಂದರೆ ಇರುವುದು ಎರಡನೆಯ ವಸ್ತುವಿನಲ್ಲಿ. ಡೈಐಸೊಸೈನೇಟ್ ತಯಾರಿಕೆಗೆ ಸಾಮಾನ್ಯವಾಗಿ ಫಾಸ್ಜೀನ್ ಬಳಸುತ್ತಾರೆ. ಇದು ಮೊದಲ ಮಹಾಯುದ್ಧದಲ್ಲಿ ಅಸ್ತ್ರವಾಗಿದ್ದ ವಿಷಾನಿಲ. ಗಟ್ಟಿಯಾದ ಅಂಟಿನಿಂದ ಈ ಅಪಾಯವಿಲ್ಲ. ಆದರೆ ತಯಾರಿಸುವಾಗ, ಸಿಂಪಡಿಸುವಾಗ ಐಸೊಸೈನೇಟ್ ಆವಿಯನ್ನು ಉಸಿರಾಡಿದ ಕಾರ್ಮಿಕರಿಗೆ ಆಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ, ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಈ ಕಾರಣದಿಂದಲೇ ಯುರೋಪಿಯನ್ ಒಕ್ಕೂಟದಲ್ಲಿ 2023ರ ಆಗಸ್ಟ್‌ನಿಂದ, ಶೇ. 0.1ಕ್ಕಿಂತ ಹೆಚ್ಚು ಡೈಐಸೊಸೈನೇಟ್ ಇರುವ ವಸ್ತುಗಳನ್ನು ವೃತ್ತಿಯಲ್ಲಿ ಬಳಸುವವರಿಗೆ ತರಬೇತಿ ಕಡ್ಡಾಯವಾಗಿದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸೈನೇಟ್ ಕೀಟನಾಶಕ ತಯಾರಿಕೆಯದು, ಅಂಟಿನದಲ್ಲ. ಆದರೂ ಅದು ಇದೇ ರಾಸಾಯನಿಕ ಕುಟುಂಬಕ್ಕೆ ಸೇರಿದ್ದು.

ಪರ್ಯಾಯಗಳೇನು? ಮೊದಲನೆಯದು ಹರಳೆಣ್ಣೆ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 90ರಷ್ಟು ರಿಸಿನೋಲಿಕ್ ಆಮ್ಲ. ಇದರಲ್ಲಿ ಹೈಡ್ರಾಕ್ಸಿಲ್ ಗುಂಪು ಸಹಜವಾಗಿಯೇ ಇರುವುದರಿಂದ ಪೆಟ್ರೋಲಿಯಂ ಮೂಲದ ಪಾಲಿಯಾಲ್ ಬದಲಿಗೆ ಹರಳೆಣ್ಣೆಯನ್ನು ಬಳಸಬಹುದು. ಹರಳು ಬೆಳೆಯುವುದರಲ್ಲಿ ಭಾರತವೇ ಜಗತ್ತಿಗೆ ಮೊದಲು. ಆದರೆ ಇಲ್ಲಿ ಬದಲಾದದ್ದು ಅರ್ಧ ಮಾತ್ರ. ಐಸೊಸೈನೇಟ್ ಹಾಗೆಯೇ ಉಳಿಯುತ್ತದೆ.

ಎರಡನೆಯದು ಐಸೊಸೈನೇಟನ್ನೇ ಕೈಬಿಡುವ ದಾರಿ. ಸೋಯಾ ಎಣ್ಣೆಯಂಥ ಸಸ್ಯಜನ್ಯ ಎಣ್ಣೆಯ ದ್ವಿಬಂಧಗಳನ್ನು ಮೊದಲು ಎಪಾಕ್ಸೈಡ್ ಆಗಿಸುತ್ತಾರೆ. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಸೇರಿಸಿದರೆ ಸೈಕ್ಲಿಕ್ ಕಾರ್ಬೊನೇಟ್ ಸಿಗುತ್ತದೆ. ಇದು ಡೈಅಮೈನ್ ಜೊತೆ ವರ್ತಿಸಿದಾಗ ಅದೇ ಯುರೆಥೇನ್ ಬಂಧ ಉಂಟಾಗುತ್ತದೆ. ಫಾಸ್ಜೀನ್ ಬೇಕಿಲ್ಲ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಕಚ್ಚಾವಸ್ತುವಾಗುತ್ತದೆ.

ಹಾಗಾದರೆ ಅಂಗಡಿಗಳಲ್ಲಿ ಇದೇ ಏಕೆ ತುಂಬಿಲ್ಲ? ಕೋಣೆಯ ಉಷ್ಣತೆಯಲ್ಲಿ ಈ ಕ್ರಿಯೆ ಬಹಳ ನಿಧಾನ. ಬಿಸಿ ಅಥವಾ ವೇಗವರ್ಧಕ ಬೇಕಾಗುತ್ತದೆ. ಸರಪಳಿಯಲ್ಲಿ ಉಳಿಯುವ ಹೈಡ್ರಾಕ್ಸಿಲ್ ಗುಂಪುಗಳು ಮರ, ಲೋಹಗಳನ್ನು ಚೆನ್ನಾಗಿ ಹಿಡಿಯುತ್ತವೆ, ಆದರೆ ನೀರನ್ನೂ ಎಳೆದುಕೊಳ್ಳುತ್ತವೆ. ಕೆಲವು ಅಮೈನ್‌ಗಳು ಚರ್ಮವನ್ನು ಕೆರಳಿಸುತ್ತವೆ. ಸಂಶೋಧಕರು ಈಗ ಬಿಡಿಸುತ್ತಿರುವ ತೊಡಕುಗಳು ಇವೇ.

ಮಿತ್ರರೇ, ಆಲ್ಕೊಹಾಲ್, ಅಮೈನ್ ಪಾಠಗಳು ಪರೀಕ್ಷೆಗೆ ಮಾತ್ರವಲ್ಲ. ಅಂಟಿನ ಡಬ್ಬಿಯ ಮೇಲೆ ‘ಸಸ್ಯಮೂಲ’ ಎಂದು ಕಂಡರೆ ಇನ್ನೊಂದು ಪ್ರಶ್ನೆ ಕೇಳಿ: ಉಳಿದ ಅರ್ಧ ಯಾವುದು? ಅದನ್ನು ಹಚ್ಚುವ ಕಾರ್ಮಿಕನ ಉಸಿರು ಆ ಉತ್ತರವನ್ನೇ ಅವಲಂಬಿಸಿದೆ.