ಗೋಡೆಗೆ ಬರೆದ ಮದ್ದು

ಬ್ಯಾಂಕಾಕಿಗೆ ಹೋಗಿ ಬಂದವರೆಲ್ಲರೂ ವಾಟ್ ಪೋ ದೇವಾಲಯದಲ್ಲಿ ಮಲಗಿರುವ ಬುದ್ಧನ ವಿಷಯವನ್ನು ಹೇಳದೆ ಬಿಡುವುದಿಲ್ಲ. 46 ಮೀಟರು ಉದ್ದ, 15 ಮೀಟರು ಎತ್ತರದ ಆ ಹೊಂಬಣ್ಣದ ಮೂರ್ತಿಯ ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನ ಕೆಲಸದಿಂದ ಕೂಡಿಸಿರುವ 108 ಮಂಗಳಚಿಹ್ನೆಗಳನ್ನು ನೋಡಿ ಬೆರಗಾಗದವರು ಯಾರು? ನಾನೂ ನೋಡಿದೆ, ಬೆರಗಾದೆ. ಆದರೆ ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದುದು ಆ ಮೂರ್ತಿಯಲ್ಲ. ಅದೇ ಆವರಣದ ಒಂದು ಮಂಟಪದ ಗೋಡೆ.

ಬ್ಯಾಂಕಾಕಿನಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗ ಜೊತೆಗಿದ್ದ. ಎಂಟು ವರ್ಷಗಳಿಂದ ಆ ಊರಿನಲ್ಲಿರುವುದರಿಂದ ಅಲ್ಲಿಯ ಭಾಷೆಯನ್ನು ಆಡಬಲ್ಲ, ತಕ್ಕಮಟ್ಟಿಗೆ ಓದಬಲ್ಲ. ಬೆಳಗ್ಗೆ ಬಿಸಿಲೇರುವ ಮೊದಲೇ ಚಾವ್ ಫ್ರಯಾ ನದಿಯ ದೋಣಿ ಹಿಡಿದು ಥಾ ತಿಯೆನ್ ಕಟ್ಟೆಯಲ್ಲಿಳಿದೆವು. "ದೊಡ್ಡಪ್ಪ, ನಿಮ್ಮ ಮಂಡಿ ನೋವಿಗೆ ಇವತ್ತು ಇಲ್ಲೇ ಒಂದು ಗತಿ ಕಾಣಿಸುತ್ತೇನೆ" ಎಂದು ಅವನು ಹಿಂದಿನ ರಾತ್ರಿಯೇ ಪಣ ತೊಟ್ಟಿದ್ದ. ವಾಟ್ ಪೋ ಎಂಬುದು ರೂಢಿಯ ಹೆಸರು. ಪೋ ಎಂದರೆ ಬೋಧಿ. ಅರಸರು ಇಟ್ಟ ದೊಡ್ಡ ಹೆಸರಿನಲ್ಲಿ ಬರುವ ಚೇತುಫೋನ್ ಎಂಬ ಮಾತು ನಮ್ಮ ಜೇತವನವೇ.

ಆ ಮಂಟಪದ ಗೋಡೆಯಲ್ಲಿ ಅಮೃತಶಿಲೆಯ ಹಲಗೆಗಳು ಸಾಲಾಗಿ ಕೂತಿವೆ. ಒಂದೊಂದರಲ್ಲಿಯೂ ಒಂದು ಮಾನವಾಕೃತಿ. ಕೆಲವು ಎದುರಿನಿಂದ, ಕೆಲವು ಬೆನ್ನಿನಿಂದ. ಮೈಮೇಲೆಲ್ಲ ಗೆರೆಗಳು, ಗೆರೆಗಳ ಮೇಲೆ ಚುಕ್ಕೆಗಳು, ಚುಕ್ಕೆಯಿಂದ ಹೊರಗೆಳೆದ ಇನ್ನೊಂದು ಗೆರೆಯ ತುದಿಯಲ್ಲಿ ಬರಹ. ಯಾವ ನೋವಿಗೆ ಎಲ್ಲಿ ಒತ್ತಬೇಕೆಂಬುದರ ನಕ್ಷೆ ಅದು. ಇಂಥವು ಒಟ್ಟು 60 ಇವೆ. ಬೇರೆ ಕಡೆಗಳಲ್ಲಿ ರೋಗಗಳ ಲಕ್ಷಣ, ಮಕ್ಕಳ ಕಾಯಿಲೆ, ನಾರುಬೇರುಗಳ ಗುಣ, ಮದ್ದಿನ ಪಾಕ ಇವುಗಳನ್ನು ಕೆತ್ತಿಸಿದ್ದಾರೆ. ಇದನ್ನೆಲ್ಲ ಮಾಡಿಸಿದವನು ಸಯಾಮಿನ ಮೂರನೆಯ ರಾಮ. 1824ರಿಂದ 1851ರವರೆಗೆ ಆಳಿದ ಈ ದೊರೆ, ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸುವಾಗ ದೇಶದ ವಿದ್ವಾಂಸರನ್ನು ಕೂಡಿಸಿ, ವೈದ್ಯ ಮಾತ್ರವಲ್ಲದೆ ಛಂದಸ್ಸು, ಚರಿತ್ರೆ, ನೀತಿ, ಎಲ್ಲವನ್ನೂ ಕಲ್ಲಿಗೆ ಹತ್ತಿಸಿದನು. 1831ರಿಂದ 1841ರವರೆಗೆ ನಡೆದ ಈ ಕೆಲಸದ 1,431 ಶಾಸನಗಳನ್ನು 2011ರಲ್ಲಿ ಯುನೆಸ್ಕೋ ತನ್ನ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಸಯಾಮಿನಲ್ಲಿ ಅಚ್ಚುಕೂಟವು ಆಗತಾನೆ ಕಾಲಿಡುತ್ತಿದ್ದ ಕಾಲ. ಓದು ಬಲ್ಲ ಪ್ರಜೆ ಯಾವನೇ ಆಗಲಿ ಬಂದು ಓದಿಕೊಳ್ಳಲಿ ಎಂಬುದು ಅರಸನ ಉದ್ದೇಶವಾಗಿತ್ತು. ಪಾಕಗಳನ್ನು ಒಪ್ಪಿಸಿದ ವೈದ್ಯರು, ಇವು ತಾವು ಬಳಸಿ ಕಂಡವೆಂದು ಆಣೆಯಿಟ್ಟು ಹೇಳಬೇಕಾಗಿತ್ತೆಂಬ ಮಾತೂ ಇದೆ.

ಇದನ್ನು ಹುಡುಗ ವಿವರಿಸುತ್ತಿದ್ದಂತೆ ನನ್ನ ಮನಸ್ಸು ಊರಿಗೆ ಹೋಯಿತು. ನನ್ನ ಸೋದರಮಾವ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಭಾನುವಾರ, ಗುರುವಾರ ಬೆಳಕು ಹರಿಯುವ ಮೊದಲೇ ಜಗುಲಿಯ ಮೇಲೆ ಹತ್ತಾರು ಜನ ಬಂದು ಕೂತಿರುತ್ತಿದ್ದರು. ಮಾವ ಒಬ್ಬರೇ ಹಿತ್ತಲಿಗೆ ಹೋಗಿ, ಪಂಚೆಯ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದು, ಕಲ್ಲಿನಲ್ಲಿ ಅರೆದು, ಮಜ್ಜಿಗೆಯಲ್ಲಿ ಕಲಸಿ ಕುಡಿಸುವರು. ಕಾಸು ಮುಟ್ಟಿದವರಲ್ಲ. ಅದೇನೆಂದು ಕೇಳಿದರೆ, "ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಕಣೋ" ಎನ್ನುವರು. ಮಗನಿಗೆ ಹೇಳಿಕೊಡುವುದೆಂದು ಅವರ ಮನಸ್ಸಿನಲ್ಲಿತ್ತು. ಮಗ ಓದಿಗೆಂದು ಪಟ್ಟಣಕ್ಕೆ ಹೋದವನು ಅಲ್ಲಿಯೇ ನಿಂತ. ಒಂದು ಮಳೆಗಾಲದಲ್ಲಿ ಮಾವ ಹಠಾತ್ತನೆ ತೀರಿಕೊಂಡರು. ಸುದ್ದಿ ತಿಳಿಯದ ದೂರದ ಹಳ್ಳಿಯವರು ಆಮೇಲೂ ಎರಡು ಮೂರು ವರ್ಷ ಬಂದು ಜಗುಲಿಯ ಮೇಲೆ ಕೂತು, ವಿಷಯ ಕೇಳಿ, ಎದ್ದು ಹೋಗುತ್ತಿದ್ದರು.

ಆ ಮದ್ದಿನಿಂದ ಗುಣವಾಗುತ್ತಿತ್ತೆ? ಗುಣವಾದವರು ಬಾಳೆಗೊನೆ ಹೊತ್ತು ಬಂದುದನ್ನು ನಾನು ಬಲ್ಲೆ. ಆಗದವರು ತಿರುಗಿ ಬಂದು ಹೇಳುವುದಿಲ್ಲ. ಕಾಮಾಲೆಯಲ್ಲಿ ತಾನಾಗಿಯೇ ಇಳಿಯುವ ಬಗೆಯೂ ಉಂಟು, ಕೊಲ್ಲುವ ಬಗೆಯೂ ಉಂಟು. ಮಾವನ ಮದ್ದು ದಿವ್ಯೌಷಧವೋ ಬರಿಯ ಮಜ್ಜಿಗೆಯೋ ಎಂಬುದನ್ನು ಇನ್ನು ಯಾರೂ ತೀರ್ಮಾನಿಸುವಂತಿಲ್ಲ. ಗುಟ್ಟು ಮಾಡಿದ ವಿದ್ಯೆ ಸತ್ಯವಾಗಿದ್ದರೆ ನಷ್ಟವಾಗುತ್ತದೆ, ಸುಳ್ಳಾಗಿದ್ದರೆ ಕೊನೆಯವರೆಗೂ ಸಿಕ್ಕಿಬೀಳುವುದಿಲ್ಲ. ಗೋಡೆಗೆ ಬರೆದುದು ಹಾಗಲ್ಲ, ಎರಡಕ್ಕೂ ಅವಕಾಶವಿದೆ.

"ಓದಯ್ಯ, ಇಲ್ಲಿ ಮಂಡಿಯ ಬಳಿ ಏನು ಬರೆದಿದೆ?" ಎಂದೆ.

ಅವನು ಬಗ್ಗಿ ಸ್ವಲ್ಪ ಹೊತ್ತು ನೋಡಿ, "ಅಕ್ಷರ ಕೂಡಿಸಿ ಓದಬಲ್ಲೆ, ದೊಡ್ಡಪ್ಪ. ಆದರೆ ಅರ್ಥ ಹತ್ತುವುದಿಲ್ಲ. ಹಳೆಯ ಮಾತುಗಳು; ನನ್ನ ಕಚೇರಿಯ ಇಲ್ಲಿಯವರಿಗೇ ತಿಳಿಯುವುದು ಕಷ್ಟ" ಎಂದ.

ಎಂದ ಮೇಲೆ ಕಲ್ಲು ಒಂದೇ ಸಾಲದು, ಓದಿ ಹೇಳುವ ಗುರುವೂ ಬೇಕು. ಅದಕ್ಕೆಂದೇ 1955ರಲ್ಲಿ ಈ ದೇವಾಲಯದಲ್ಲಿ ಒಂದು ವೈದ್ಯಶಾಲೆ ಆರಂಭವಾಯಿತು. ಅದರ ಅಂಗಮರ್ದನದ ಮಂಟಪ ಅಲ್ಲಿಯೇ ಇದೆ. ಚೀಟಿ ಪಡೆದು ನನ್ನ ಸರದಿಗೆ ಕಾದೆ. ನಮ್ಮ ಕಡೆಯ ಎಣ್ಣೆಯ ಅಭ್ಯಂಜನವನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ಆಶಾಭಂಗವಾಗುತ್ತದೆ. ಎಣ್ಣೆ ಇಲ್ಲ, ಸಡಿಲವಾದ ಹತ್ತಿಯ ಬಟ್ಟೆ ತೊಟ್ಟು ಹಾಸಿಗೆಯ ಮೇಲೆ ಮಲಗಬೇಕು. ಐವತ್ತು ದಾಟಿದ ಒಬ್ಬ ಹೆಂಗಸು ಬಂದು ಕೈಮುಗಿದು, ಕಣ್ಣು ಮುಚ್ಚಿ ಏನನ್ನೋ ಅಂದುಕೊಂಡರು. ಅಪರಿಚಿತ ಸ್ತ್ರೀ ಕಾಲು ಮುಟ್ಟುವುದೆಂದರೆ ನನ್ನಂಥ ಹಳೆಯ ಕಾಲದವನಿಗೆ ಸಂಕೋಚ. ಆ ಸಂಕೋಚ ಅವರ ಹೆಬ್ಬೆರಳು ಹಿಮ್ಮಡಿಯಿಂದ ಮೀನಖಂಡಕ್ಕೆ ಏರುವ ಹೊತ್ತಿಗೆ ಎಲ್ಲಿ ಹೋಯಿತೋ ತಿಳಿಯದು, ಉಳಿದುದು ನೋವೊಂದೇ. ಮೊಣಕೈಯಿಂದ ಒತ್ತಿದರು, ಅಂಗಾಲಿನಿಂದ ತುಳಿದರು, ಕೊನೆಗೆ ಈ ಸ್ಥೂಲ ದೇಹವನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿದರು. ಎದ್ದು ನಿಂತಾಗ ಮಂಡಿ ಹಗುರವಾಗಿದ್ದುದು ನಿಜ. ಮರುದಿನ ಸಂಜೆಗೆ ನೋವು ಮರಳಿತೆಂಬುದೂ ನಿಜ.

ಆಕೆ ಮೊದಲಿಗೆ ಕೈಮುಗಿದುದು ಯಾರಿಗೆಂದು ವಿಚಾರಿಸಿದೆ. ಜೀವಕನಿಗೆ! ಬುದ್ಧನ ಕಾಲದಲ್ಲಿ ರಾಜಗೃಹದಲ್ಲಿದ್ದ ವೈದ್ಯ ಜೀವಕ ಕುಮಾರಭೃತ್ಯನನ್ನು ಥಾಯ್ ಜನ ತಮ್ಮ ವೈದ್ಯದ ಆದಿಗುರುವೆಂದು ಎಣಿಸುತ್ತಾರೆ. ತಕ್ಷಶಿಲೆಯಲ್ಲಿ ಅವನ ಗುರು, "ಊರ ಸುತ್ತ ಒಂದು ಯೋಜನದೊಳಗೆ ಮದ್ದಲ್ಲದ ಗಿಡವೊಂದನ್ನು ತಾ" ಎಂದು ಕಳುಹಿಸಿದಾಗ ಬರಿಗೈಯಲ್ಲಿ ಮರಳಿದವನು ಅವನು. ಅವರ ಮಾತಿನಲ್ಲಿ ವೈದ್ಯ 'ಫೇಟ್' ಆಗಿದೆ, ರೋಗ 'ರೋಕ್' ಆಗಿದೆ, ಔಷಧ 'ಓಸೋತ್' ಆಗಿದೆ, ಧಾತು 'ಥಾತ್' ಆಗಿದೆ. ಮೈಯ ಹತ್ತು ಮುಖ್ಯ ಗೆರೆಗಳಲ್ಲಿ ಮೊದಲಿನವು ಇಥಾ, ಪಿಂಗ್‌ಖಲಾ, ಸುಮನಾ. ಇಡಾ, ಪಿಂಗಳಾ, ಸುಷುಮ್ನಾ ಎಂದು ನಾನು ಉಚ್ಚರಿಸಿದಾಗ ಆ ತಾಯಿ ನಕ್ಕು ತಲೆದೂಗಿದರು. ನಮ್ಮ ಇಡಾನಾಡಿಯಂತೆ ಅವರ ಇಥಾ ಕೂಡ ಎಡ ಮೂಗಿಗೆ ಹೋಗಿ ಮುಟ್ಟುತ್ತದೆ.

ಹಾಗೆಂದು ಎಲ್ಲವೂ ನಮ್ಮಿಂದಲೇ ಹೋದುದೆಂದು ಎದೆಯುಬ್ಬಿಸುವುದು ಬೇಡ. ಆ ಚಾಳಿ ನಮ್ಮವರಲ್ಲಿ ಸ್ವಲ್ಪ ಹೆಚ್ಚು. ವಾತ ಪಿತ್ತ ಕಫಗಳಿಗಿಂತ ಅವರು ಮುಂದಿಟ್ಟು ಎಣಿಸುವುದು ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ಧಾತುಗಳನ್ನು. ಮಣ್ಣಿಗೆ 20, ನೀರಿಗೆ 12, ಗಾಳಿಗೆ 6, ಬೆಂಕಿಗೆ 4, ಹೀಗೆ ದೇಹಕ್ಕೆ 42 ಅಂಶಗಳು. ಇದು ಬೌದ್ಧ ಗ್ರಂಥಗಳ ಲೆಕ್ಕ. ಅದಕ್ಕೆ ಚೀಣರ ಅಂಗಡಿಯ ಸರಕು, ಮೋನ್ ಮತ್ತು ಖ್ಮೇರ್ ಜನರ ಅನುಭವ, ತಮ್ಮ ಕಾಡಿನ ಅರಿವು ಇವನ್ನೆಲ್ಲ ಅವರೇ ಕಲಸಿಕೊಂಡಿದ್ದಾರೆ. ಅಲ್ಲಿಯೇ ಕೃತಕ ಬೆಟ್ಟದ ಮೇಲೆ ಜಟಾಧಾರಿಗಳಾದ ಋಷಿಗಳ ಪ್ರತಿಮೆಗಳಿವೆ. ಒಬ್ಬ ಕಾಲು ಎಳೆದುಕೊಂಡಿದ್ದಾನೆ, ಇನ್ನೊಬ್ಬ ಕತ್ತು ತಿರುಚಿಕೊಂಡಿದ್ದಾನೆ. ತಮ್ಮ ಮೈಯನ್ನು ತಾವೇ ಸರಿಪಡಿಸಿಕೊಳ್ಳುವ ಬಗೆ ಅದು. ಯೋಗಾಸನವೆನ್ನಲು ಹೋಗಿ ನಾನು ನಾಲಗೆ ಕಚ್ಚಿಕೊಂಡೆ. 1836ರಲ್ಲಿ ಲೋಹದಲ್ಲಿ ಎರಕ ಹೊಯ್ಸಿದಾಗ 80ರಷ್ಟಿದ್ದವು ಇಂದು ಮೂರರಲ್ಲೊಂದು ಪಾಲೂ ಉಳಿದಿಲ್ಲ. ಋಷಿಗಳಿಗೂ ಕಳ್ಳರ ಕಾಟ ತಪ್ಪಲಿಲ್ಲವೆಂದು ಕಾಣುತ್ತದೆ.

ಮಧ್ಯಾಹ್ನದ ಊಟವಾದ ಮೇಲೆ ಥಾ ತಿಯೆನ್ ಕಟ್ಟೆಯ ಬಳಿಯ ಮೂಲಿಕೆ ಅಂಗಡಿಗಳನ್ನು ಹೊಕ್ಕೆವು. ಕಣ್ಣು ಮುಚ್ಚಿ ನಿಂತರೆ ನಮ್ಮ ಹಳೆಯ ಗ್ರಂಧಿಗೆ ಅಂಗಡಿಯ ವಾಸನೆಯೇ. ತ್ರಿಫಲಾ ಎಂದರೆ ತ್ರಿಫಲಾ, ತ್ರಿಕಟುಕ ಎಂದರೆ ತ್ರಿಕಟುಕ. ಶುಂಠಿ, ಮೆಣಸು, ಹಿಪ್ಪಲಿಯ ಬಂಧುಗಳು. ಮಾರಾಟಕ್ಕಿಟ್ಟ ಬಟ್ಟೆಯ ಗಂಟುಗಳನ್ನು ಆವಿಯಲ್ಲಿ ಬಿಸಿಮಾಡಿ ನೋವಿನ ಕಡೆ ಒತ್ತುತ್ತಾರೆ. ಅದರೊಳಗೇನಿದೆ ಎಂದು ಕೇಳಿದ್ದಕ್ಕೆ ಅಂಗಡಿಯಾಕೆ ಒಂದನ್ನು ಬಿಚ್ಚಿಯೇ ಹರವಿದಳು. ಶುಂಠಿಯ ಕುಲದ ಪ್ಲೈ ಎಂಬ ಗೆಡ್ಡೆ, ಅರಿಶಿನ, ನಿಂಬೆಹುಲ್ಲು, ಸುಕ್ಕು ಸಿಪ್ಪೆಯ ಒಂದು ನಿಂಬೆ, ಹುಣಿಸೆ ಎಲೆ, ಕರ್ಪೂರ. ಇನ್ನೊಂದು ಎಲೆಯನ್ನು ನಾನು ಗುರುತಿಸಲಾರದೆ ಹೋದೆ. ಅವರು ಸೋಮ್ ಪೋಯ್ ಎನ್ನುವ ಅದು ಮತ್ತೇನೂ ಅಲ್ಲ, ನಾವು ಕಾಯಿ ಕುಟ್ಟಿ ತಲೆಗೆ ಹಾಕಿಕೊಳ್ಳುವ ಸೀಗೆ! ಆಕೆಗೆ ಮುಚ್ಚುಮರೆ ಏನೂ ಇರಲಿಲ್ಲ.

ಅಲ್ಲಿ ಗುಳಿಗೆಯಾಗಿ ಮಾರುವ ಇನ್ನೊಂದು ಗಿಡಕ್ಕೆ ಫಾ ಥಲಾಯ್ ಚೋನ್ ಎಂದು ಹೆಸರು. ಕಳ್ಳರ ಮೇಲೆ ಕುಸಿದುಬೀಳುವ ಆಕಾಶವೆಂದರ್ಥವಂತೆ. ನಮ್ಮಲ್ಲಿ ಅದೇ ಗಿಡ ನೆಲಬೇವು. ಅವರಿಗೆ ಆಕಾಶ, ನಮಗೆ ನೆಲ. 2021ರಲ್ಲಿ ಕೋವಿಡ್ ಹಬ್ಬಿದ್ದಾಗ ಥಾಯ್ ಸರ್ಕಾರ ಇದನ್ನು ಸೌಮ್ಯ ಲಕ್ಷಣದ ರೋಗಿಗಳಿಗೆ ಕೊಡಿಸಿತು. ಅದೇ ವರ್ಷ ಅಲ್ಲಿಯ ಸಂಶೋಧಕರು ಇದರಿಂದ ನ್ಯುಮೋನಿಯಾ ತಡೆಯಬಹುದೆಂದು ಬರೆದ ಲೇಖನದಲ್ಲಿ ಲೆಕ್ಕದ ತಪ್ಪು ಕಂಡುಬರಲಾಗಿ, ಬರೆದವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಇದನ್ನು ಕೇಳಿ ನಗುವವರಿರಬಹುದು. ನನಗೆ ಗೌರವ ಹುಟ್ಟಿತು.

ಸಂಜೆ ದೋಣಿಯಲ್ಲಿ ಮೇಲುಮುಖವಾಗಿ ಹೊರಟಾಗ ಆಚೆ ದಡದಲ್ಲಿ ಸಿರಿರಾಜ್ ಆಸ್ಪತ್ರೆಯ ಕಟ್ಟಡಗಳು ಕಂಡವು. ಚುಲಾಲಂಕರಣ ದೊರೆಯ ಎಳೆಯ ಮಗ 1887ರಲ್ಲಿ ರಕ್ತಭೇದಿಯಿಂದ ತೀರಿಕೊಂಡ. ಮರುವರ್ಷ ಮಗುವಿನ ಹೆಸರಿನಲ್ಲಿ ಈ ಆಸ್ಪತ್ರೆ ತೆರೆಯಿತು. ಅದರ ವೈದ್ಯಶಾಲೆಯಲ್ಲಿ ಮೊದಲು ಎರಡು ಪದ್ಧತಿಗಳನ್ನೂ ಕಲಿಸಿ, ಆಮೇಲೆ ನಾಡಿನದನ್ನು ಕೈಬಿಟ್ಟರು. 1923ರ ಕಾನೂನು ಪರವಾನಗಿಯನ್ನು ಕಡ್ಡಾಯ ಮಾಡಿದಾಗ ಎಷ್ಟೋ ನಾಟಿ ವೈದ್ಯರು ಕಸಬು ಬಿಟ್ಟರು. ಹಳೆಯ ವಿದ್ಯೆಯ ರಕ್ಷಣೆಗೆ ಇನ್ನೊಂದು ಕಾನೂನು ಬಂದುದು 1999ರಲ್ಲಿ. ಈಗ ಆ ಸಿರಿರಾಜಿನಲ್ಲಿಯೇ ಥಾಯ್ ವೈದ್ಯದ ವಿಭಾಗವೊಂದು ನಡೆಯುತ್ತಿದೆ. ನಡುವಿನ ಬರಗಾಲವನ್ನು ಆ ಕಲ್ಲುಗಳು ಅಲ್ಲಾಡದೆ ದಾಟಿದ್ದವು.

ಹುಡುಗನಿಗೆ ಆಗ ಮಾವನ ಕಥೆ ಹೇಳಿದೆ. ಅವನು ಸುಮ್ಮನೆ ಕೇಳಿ, ಕಿಸೆಯಿಂದ ಮೊಬೈಲು ತೆಗೆದು, "ನಿಮಗೆ ನೆನಪಿರುವಷ್ಟು ಹೇಳಿ, ಬರೆದಿಡುತ್ತೇನೆ" ಎಂದ. ಅರೆಯುವಾಗ ಕಲ್ಲಿನ ಬಳಿ ಕೂತಿರುತ್ತಿದ್ದ ನನಗೆ ವಾಸನೆಯಿಂದ ಜೀರಿಗೆ ಗೊತ್ತಾಗುತ್ತಿತ್ತು. ಒಮ್ಮೆ ಸೆರಗಿನಿಂದ ಜಾರಿಬಿದ್ದ ಕಡ್ಡಿಯಿಂದ ನೆಲನೆಲ್ಲಿ ಗೊತ್ತಾಗಿತ್ತು. ಮೂರನೆಯದೊಂದು ಇತ್ತು, ಕಹಿಯಾದ ಹಸಿರು ಸೊಪ್ಪು. ಅದು ಯಾವುದೋ ತಿಳಿಯದು.

"ಅಜ್ಜಿಯನ್ನು ಕೇಳಬಹುದಲ್ಲ?" ಎಂದ. ಅತ್ತೆಗೆ ಈಗ ತೊಂಬತ್ತರ ಹತ್ತಿರ. ಊರು ಸೇರಿದ ವಾರದಲ್ಲಿಯೇ ಹೋಗಿ ಕೇಳಿದೆ. ಬಹಳ ಹೊತ್ತು ಯೋಚಿಸಿ, "ಕಲ್ಲು ತೊಳೆಯುವ ಕೆಲಸ ನನ್ನದಾಗಿತ್ತಪ್ಪ. ಸೊಪ್ಪನ್ನು ನನ್ನ ಕೈಗೆ ಒಂದು ದಿನವೂ ಕೊಡಲಿಲ್ಲ" ಎಂದರು.