ಕೀಳುವ ಮೊದಲೇ ಕಟ್ಟಿದ ಹಲ್ಲು

ಮೆಕ್ಯಾನಿಕ್ ಸಣ್ಣ ಗರಗಸ ಹಿಡಿದು ಅಕ್ಕನ ಮೇಲಿನ ಬಾಚಿಹಲ್ಲನ್ನು ಬುಡಕ್ಕೆ ಕೊಯ್ದು ಹಾಕಿದರು. ಅದೇ ಹೊತ್ತಿಗೆ ಅಕ್ಕ ತನ್ನ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಹಲ್ಲು ಇನ್ನೂ ಅವಳ ಬಾಯಲ್ಲೇ ಇತ್ತು. ಕೊಯ್ದದ್ದು ಅವಳ ದವಡೆಯ ಅಚ್ಚಿನ ಮೇಲಿನ ಹಲ್ಲನ್ನು.

ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಅಕ್ಕನ ಆ ಹಲ್ಲಿನ ಬೇರು ಸೀಳಿತ್ತು. ಉಳಿಸಲು ಆಗುವುದಿಲ್ಲ, ಕೀಳಲೇಬೇಕು ಎಂದರು ಡಾಕ್ಟರು. ಅವಳಿಗೆ ನೋವಿಗಿಂತ ಹೆಚ್ಚಿನ ದಿಗಿಲು ಇನ್ನೊಂದಿತ್ತು: ‘ಕಿತ್ತ ಮೇಲೆ ಶಾಲೆಗೆ ಹೇಗೆ ಹೋಗಲಿ?’ ಅದಕ್ಕೆ ಡಾಕ್ಟರು ಕೊಟ್ಟ ಉತ್ತರವೇ ನನ್ನನ್ನು ಬೆಂಗಳೂರಿನ ಬಸವನಗುಡಿಯ ಅಡ್ಡರಸ್ತೆಯೊಂದರ ಮಹಡಿಯ ಮೇಲಿರುವ, ಹಲ್ಲು ಕಟ್ಟುವ ಈ ಪುಟ್ಟ ಲ್ಯಾಬಿಗೆ ಕರೆತಂದದ್ದು. ಮಂಗಳವಾರ ಅಳತೆ, ಶನಿವಾರ ಕೀಳುವುದು, ಅದೇ ಕುರ್ಚಿಯಲ್ಲಿ ತಾತ್ಕಾಲಿಕವಾಗಿ ಹೊಸ ಹಲ್ಲು. ಒಂದು ದಿನವೂ ಬಾಯಿ ಖಾಲಿ ಇರುವುದಿಲ್ಲ.

ತಾತ್ಕಾಲಿಕ ಹಲ್ಲು ಎಂದರೆ ಅರೆಬರೆ ಕೆಲಸ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಹಲ್ಲು ಕಿತ್ತ ಗುಣಿಯ ಮೇಲೆ ವಸಡು ಮುಚ್ಚಿಕೊಳ್ಳಲು ಮೂರು ನಾಲ್ಕು ವಾರ ಬೇಕು. ಒಳಗೆ ಮೂಳೆ ತುಂಬಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಆ ಅವಧಿಯಲ್ಲಿ ವಸಡು ಕುಗ್ಗುತ್ತ, ಆಕಾರ ಬದಲಿಸುತ್ತ ಹೋಗುತ್ತದೆ. ಅವಸರಪಟ್ಟು ಶಾಶ್ವತ ಬ್ರಿಡ್ಜ್ ಕೂರಿಸಿದರೆ ಕೆಲವೇ ತಿಂಗಳಲ್ಲಿ ಹಲ್ಲಿಗೂ ವಸಡಿಗೂ ನಡುವೆ ಕಪ್ಪು ಸಂದಿ ಕಾಣತೊಡಗುತ್ತದೆ. ಇಂಪ್ಲಾಂಟ್ ಹಾಕಿಸುವವರಿಗೂ ಮೂಳೆ ತಿರುಪನ್ನು ಹಿಡಿದುಕೊಳ್ಳುವವರೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಕಾಯುವಿಕೆ ಇದ್ದೇ ಇದೆ. ಆಟದಲ್ಲಿ ಹಲ್ಲು ಕಳೆದುಕೊಂಡ ಹತ್ತು ವರ್ಷದ ಹುಡುಗನಾದರೆ ದವಡೆ ಬೆಳೆದು ನಿಲ್ಲುವ ತನಕ, ಅಂದರೆ ಹದಿನೆಂಟರ ಆಚೆಗೂ ಕಾಯಬೇಕಾದೀತು. ಅಷ್ಟು ಕಾಲ ಆ ಜಾಗ ಹಿಡಿದು, ಅಕ್ಕಪಕ್ಕದ ಹಲ್ಲು ವಾಲದಂತೆ ನೋಡಿಕೊಂಡು, ಮುಖವನ್ನು ಮುಖವಾಗಿಯೇ ಇಡುವುದು ಈ ತಾತ್ಕಾಲಿಕ ಹಲ್ಲು.

ಮೇಜಿನ ಮೇಲೆ ಹಳದಿ ಸ್ಟೋನ್ ಪ್ಲಾಸ್ಟರಿನ ಹತ್ತಾರು ದವಡೆಗಳು. ಒಂದೊಂದಕ್ಕೂ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಚೀಟಿ. ಒಂದರಲ್ಲಿ ‘ಅರ್ಜೆಂಟ್, ಶುಕ್ರವಾರ ಮದುವೆ’ ಎಂದಿತ್ತು. ಇನ್ನೊಂದರಲ್ಲಿ ಬರೀ ‘ಇಂಟರ್‌ವ್ಯೂ’.

ಅಳತೆ ತೆಗೆಯುವ ಗುಲಾಬಿ ಹಿಟ್ಟು ಕಡಲಪಾಚಿಯಿಂದ ಬರುವ ಆಲ್ಜಿನೇಟ್. ನೀರಿನಲ್ಲಿ ಕಲಸಿ ಟ್ರೇಯಲ್ಲಿಟ್ಟು ಬಾಯಿಗೆ ಒತ್ತಿದರೆ ಎರಡು ಮೂರು ನಿಮಿಷದಲ್ಲಿ ರಬ್ಬರಿನಂತಾಗುತ್ತದೆ. ಅದರೊಳಗಿನ ನೀರು ಆರಿದರೆ ಅಚ್ಚು ಕುಗ್ಗುತ್ತದೆ, ಹಾಗಾಗಿ ಕೂಡಲೇ ಪ್ಲಾಸ್ಟರ್ ಸುರಿಯಬೇಕು. ಇನ್ನು ಬಣ್ಣ. ಹಲ್ಲು ಬಿಳಿ ಎಂದು ಸಲೀಸಾಗಿ ಹೇಳುತ್ತೇವೆ. ಆದರೆ ಡಾಕ್ಟರುಗಳ ಕೈಯಲ್ಲಿರುವ ವೀಟಾ ಪಟ್ಟಿಯಲ್ಲಿ ಹದಿನಾರು ಛಾಯೆಗಳಿವೆ: ಕೆಲವು ಕೆಂಪುಕಂದಿಗೆ ವಾಲಿದವು, ಕೆಲವು ಹಳದಿಗೆ, ಕೆಲವು ಬೂದಿಗೆ. ಅದನ್ನು ಹಗಲ ಬೆಳಕಿನಲ್ಲಿ, ಹಲ್ಲು ಒದ್ದೆಯಿರುವಾಗಲೇ ಹೋಲಿಸಿ ನೋಡಬೇಕು. ಬಾಯಿ ತೆರೆದುಕೊಂಡು ಹೊತ್ತಾದರೆ ಹಲ್ಲು ಒಣಗಿ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆಗ ಆರಿಸಿದ ಬಣ್ಣ ತಪ್ಪುತ್ತದೆ.

ಕೊಯ್ದ ಜಾಗವನ್ನು ಮೆಕ್ಯಾನಿಕ್ ಮಟ್ಟಸ ಮಾಡಿ ಬಿಡಲಿಲ್ಲ. ಚೂರಿಯ ಮೊನೆಯಿಂದ ಒಂದೆರಡು ಮಿಲಿಮೀಟರ್ ಒಳಕ್ಕೆ ಕೆರೆದು ಸಣ್ಣ ಬಟ್ಟಲಿನಂತೆ ಮಾಡಿದರು. ‘ಹಲ್ಲು ವಸಡಿನ ಮೇಲೆ ಕೂತಂಗೆ ಕಾಣ್ಬಾರ್ದು ಸರ್, ವಸಡಿಂದ ಹುಟ್ಟಿದಂಗೆ ಕಾಣ್ಬೇಕು’ ಎಂದರು. ಆರಾರು ಹಲ್ಲುಗಳನ್ನು ಮೇಣಕ್ಕೆ ಅಂಟಿಸಿದ ಪಟ್ಟಿಯಿಂದ ಒಂದನ್ನು ಕಿತ್ತು ಬುಡವನ್ನು ಉಜ್ಜಿದರು, ಇಟ್ಟರು, ತೆಗೆದರು, ಮತ್ತೆ ಉಜ್ಜಿದರು. ಎಡಗಡೆಯ ಜೋಡಿ ಹಲ್ಲಿನ ಅಂಚು ವರ್ಷಗಳ ಬಳಕೆಯಲ್ಲಿ ಓರೆಯಾಗಿ ಸವೆದಿತ್ತು. ಹೊಸದನ್ನೂ ಅಷ್ಟೇ ಓರೆಯಾಗಿ ಸವೆಸಿದರು. ಹೊಚ್ಚ ಹೊಸ ಹಲ್ಲನ್ನು ಹಳೆಯದಾಗಿಸುವ ಆ ಕೈಯನ್ನು ನೋಡುತ್ತ ನಿಂತುಬಿಟ್ಟೆ.

ಆಮೇಲೆ 0.8 ಮಿಲಿಮೀಟರ್ ಸ್ಟೀಲ್ ತಂತಿಯನ್ನು ಇಕ್ಕಳದಲ್ಲಿ ಬಗ್ಗಿಸಿ ಹಿಂದಿನ ಹಲ್ಲುಗಳನ್ನು ತಬ್ಬುವ ಎರಡು ಕೊಕ್ಕೆ ಮಾಡಿದರು. ಅಂಗುಳದ ಆಕಾರಕ್ಕೆ ಮೇಣದ ತಟ್ಟೆ. ಇಷ್ಟನ್ನೂ ಫ್ಲಾಸ್ಕ್ ಎಂಬ ಹಿತ್ತಾಳೆ ಡಬ್ಬಿಯೊಳಗೆ ಪ್ಲಾಸ್ಟರಿನಲ್ಲಿ ಹೂತು, ಬಿಸಿನೀರಿನಲ್ಲಿ ಮೇಣ ಕರಗಿಸಿದರೆ ಒಳಗೆ ಖಾಲಿ ಅಚ್ಚು ಉಳಿಯುತ್ತದೆ. ಅಕ್ರಿಲಿಕ್ ಪುಡಿಗೆ ಅದರ ದ್ರವ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ಬಂದ ಮೇಲೆ ಆ ಅಚ್ಚಿಗೆ ತುಂಬಿ ಒತ್ತುತ್ತಾರೆ. ಮೂಗಿಗೆ ಘಾಟು ಹೊಡೆಯುತ್ತದೆ. ಬೇಯಿಸುವುದರಲ್ಲಿ ಆತುರ ಸಲ್ಲದು: ಸುಮಾರು 74 ಡಿಗ್ರಿ ನೀರಿನಲ್ಲಿ ಎರಡು ಗಂಟೆ, ಆಮೇಲೆ ಕುದಿಯುವ ನೀರಿನಲ್ಲಿ ಒಂದು ಗಂಟೆ. ಮೊದಲೇ ಕುದಿಸಿದರೆ ಒಳಗೆಲ್ಲ ಗುಳ್ಳೆ ಬೀಳುತ್ತದೆ. ಡಬ್ಬಿಯನ್ನು ತಣ್ಣೀರಿಗೆ ಅದ್ದಿ ಆರಿಸಿದರೆ ತಟ್ಟೆ ಸೊಟ್ಟಗಾಗುತ್ತದೆ. ಅದು ತಾನಾಗಿ ಆರಬೇಕು.

ಬಾಯೊಳಗೆ ಇಡುವ ಈ ಪ್ಲಾಸ್ಟಿಕ್ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೆ ಮುಂಚೆ ಗಡುಸಾಗಿಸಿದ ರಬ್ಬರ್, ಇನ್ನೂ ಹಿಂದೆ ದಂತ, ಅದಕ್ಕೆ ಜೋಡಿಸಲು ನಿಜವಾದ ಮನುಷ್ಯರ ಹಲ್ಲು. 1815ರ ವಾಟರ್‌ಲೂ ಯುದ್ಧದಲ್ಲಿ ಸತ್ತ ಸೈನಿಕರ ಬಾಯಿಂದ ಕಿತ್ತ ಹಲ್ಲುಗಳು ಮಾರಾಟವಾಗಿ, ಅಂಥವಕ್ಕೆ ‘ವಾಟರ್‌ಲೂ ಹಲ್ಲು’ ಎಂಬ ಹೆಸರೇ ಬಿತ್ತು.

ತಾತ್ಕಾಲಿಕವಾಗಿ ಜಾಗ ತುಂಬಲು ಬೇರೆ ದಾರಿಗಳೂ ಇವೆ. ಕಿತ್ತ ಹಲ್ಲು ಗಟ್ಟಿಯಾಗಿದ್ದರೆ ಅದರ ಬೇರು ಕತ್ತರಿಸಿ, ಮೇಲಿನ ಭಾಗವನ್ನೇ ಪಕ್ಕದ ಹಲ್ಲುಗಳಿಗೆ ಅಂಟಿಸುತ್ತಾರೆ. ನಮ್ಮದೇ ಹಲ್ಲು, ನಮ್ಮದೇ ಬಣ್ಣ. ಹಿಂಬದಿಯಲ್ಲಿ ತೆಳು ರೆಕ್ಕೆಯಿಟ್ಟು ಅಂಟಿಸುವ ಮೇರಿಲ್ಯಾಂಡ್ ಬ್ರಿಡ್ಜ್ ಇದೆ, ಪಾರದರ್ಶಕ ಹಾಳೆಯ ಕವಚದೊಳಗೆ ಹಲ್ಲು ಕೂರಿಸುವುದೂ ಇದೆ.

ಫುಟ್‌ಪಾತಿನಲ್ಲಿ ಕೂತು ಅರ್ಧ ಗಂಟೆಯಲ್ಲಿ ‘ಫಿಕ್ಸ್’ ಮಾಡಿಕೊಡುವವರ ಹಲ್ಲನ್ನು ಮಾತ್ರ ಯಾರೂ ಕಟ್ಟಿಸಿಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹಸಿ ಅಕ್ರಿಲಿಕ್ ಮೆತ್ತಿ, ತಂತಿಯಿಂದ ಅಕ್ಕಪಕ್ಕದ ಹಲ್ಲಿಗೆ ಬಿಗಿದು ಕಳಿಸುತ್ತಾರೆ. ತೆಗೆದು ತೊಳೆಯಲು ಬರುವುದಿಲ್ಲ, ಕೆಳಗೆ ವಸಡು ಕೊಳೆಯುತ್ತದೆ, ಒಂದು ಹಲ್ಲಿನ ಆಸೆಗೆ ಮೂರು ಹೋಗುತ್ತವೆ. ಅಲ್ಲಿಗೆ ಹೋಗುವವರು ತಿಳಿಗೇಡಿಗಳಲ್ಲ, ಕೈಯಲ್ಲಿ ಕಾಸಿಲ್ಲದವರು. ಅವರಿಗೆ ದಂತ ವೈದ್ಯಕೀಯ ಕಾಲೇಜುಗಳ ದಾರಿ ಗೊತ್ತಾಗಬೇಕು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ 1958ರಿಂದ ಇರುವ ಸರ್ಕಾರಿ ದಂತ ಕಾಲೇಜಿನಂಥ ಕಡೆ ಕಡಿಮೆ ಖರ್ಚಿನಲ್ಲಿ, ಅಧ್ಯಾಪಕರ ಕಣ್ಗಾವಲಿನಲ್ಲಿ ಹಲ್ಲು ಕಟ್ಟಿಕೊಡುತ್ತಾರೆ. ಮನೆಯಲ್ಲಿ ಅಂಟು ತಂದು ಮುರಿದ ಹಲ್ಲು ಕೂಡಿಸುವುದೂ ಅಷ್ಟೇ ಅಪಾಯ. ಇಡೀ ಹಲ್ಲೇ ಬೇರುಸಹಿತ ಕಳಚಿ ಬಿದ್ದರೆ, ಅದು ಹಾಲುಹಲ್ಲು ಅಲ್ಲದಿದ್ದರೆ, ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು ಹಾಲಿನ ಲೋಟಕ್ಕೆ ಹಾಕಿ ದಂತವೈದ್ಯರಲ್ಲಿಗೆ ಓಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಅದೇ ಹಲ್ಲು ಅದೇ ಗುಣಿಯಲ್ಲಿ ಮತ್ತೆ ನಿಲ್ಲುವ ಸಾಧ್ಯತೆ ಚೆನ್ನಾಗಿರುತ್ತದೆ.

ಶನಿವಾರ ಅಕ್ಕನ ಹಲ್ಲು ಹೋಯಿತು, ಹಲ್ಲು ಬಂತು. ಕಟ್ಟಿದ ಹಲ್ಲು ಗಾಯವನ್ನು ಒತ್ತಿ ರಕ್ತಸ್ರಾವವನ್ನೂ ತಡೆಯುತ್ತದೆ, ಮೊದಲ ದಿನ ತೆಗೆಯಬೇಡಿ ಎಂದರು ಡಾಕ್ಟರು. ನಂತರ ಪ್ರತಿ ರಾತ್ರಿ ತೆಗೆದು ನೀರಿನಲ್ಲಿಡಬೇಕು. ನಿದ್ದೆಯಲ್ಲಿ ನುಂಗಿದರೆ ಸಾಮಾನ್ಯ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಮುಂದಿನ ಹಲ್ಲಿನಿಂದ ಕಚ್ಚುವುದು ಬೇಡ, ಚಕ್ಕುಲಿ, ಕಬ್ಬು ದೂರ.

ಕಷ್ಟವಾದದ್ದು ಮಾತು. ಅಂಗುಳದ ಮೇಲೆ ಹೊಸ ತಟ್ಟೆ ಬಂದು ನಾಲಿಗೆಗೆ ಜಾಗ ತಪ್ಪಿತ್ತು. ತ, ಥ, ದ, ಧ, ನ ಎಲ್ಲ ದಪ್ಪ, ‘ಸ’ ಎಂದರೆ ಸಿಳ್ಳೆ. ‘ದಂತ್ಯ ಅಂತ ವ್ಯಾಕರಣದಲ್ಲಿ ಯಾಕೆ ಹೆಸರಿಟ್ಟರು ಅಂತ ಈಗ ಗೊತ್ತಾಯ್ತು ಕಣೋ’ ಎಂದಳು. ಗಟ್ಟಿಯಾಗಿ ಓದುವುದೇ ಇದಕ್ಕೆ ಮದ್ದು. ಭಾನುವಾರವಿಡೀ ಒಂದನೇ ತರಗತಿಯ ಪುಸ್ತಕ ಹಿಡಿದು ಅಡುಗೆಮನೆಯಲ್ಲಿ ಓದುತ್ತಲೇ ಇದ್ದಳು. ಸೋಮವಾರ ಶಾಲೆಗೆ ಹೋದಳು. ವಾರದೊಳಗೆ ‘ಸ’ ನೆಟ್ಟಗಾಯಿತು.

1948ರ ದಂತವೈದ್ಯರ ಕಾಯ್ದೆಯಲ್ಲೇ ಡೆಂಟಲ್ ಮೆಕ್ಯಾನಿಕ್ ಎಂಬ ಕಸುಬಿಗೆ ಹೆಸರು ಮತ್ತು ನೋಂದಣಿ ಸಿಕ್ಕಿತ್ತು. ಆದರೂ ಹಲ್ಲು ಕಟ್ಟಿಸಿಕೊಂಡವರಿಗೆ ಅವರ ಮುಖ ಗೊತ್ತಿರುವುದಿಲ್ಲ, ಅವರಿಗೆ ಇವರ ಮುಖವೂ ಗೊತ್ತಿಲ್ಲ. ಥ್ಯಾಂಕ್ಸ್ ಹೇಳಲು ಮತ್ತೆ ಆ ಮಹಡಿ ಹತ್ತಿದಾಗ ಮೆಕ್ಯಾನಿಕ್ ಹಿಂಜರಿಯುತ್ತ ಕೇಳಿದರು: ‘ಅಕ್ಕಾವ್ರು ನಕ್ಕಿರೋ ಫೋಟೋ ಇದ್ರೆ ತೋರಿಸ್ತೀರಾ ಸರ್? ನಾವು ಬರೀ ಪ್ಲಾಸ್ಟರ್ ನೋಡೋರು.’

ಮೊಬೈಲ್ ಕೊಟ್ಟೆ. ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ ಬಹಳ ಹೊತ್ತು ನೋಡಿದರು. ‘ಬಣ್ಣ ಕೂತಿದೆ’ ಎಂದರು. ಇನ್ನಷ್ಟು ಹತ್ತಿರಕ್ಕೆ ಹಿಡಿದು, ‘ಹೊರಗಿನ ಮೂಲೆ ಒಂದು ಎಳೆ ಉದ್ದ ಆಯ್ತು. ಮುಂದಿನ ಸಲ ಬಂದಾಗ ಇಲ್ಲಿಗೆ ಕಳಿಸೋಕೆ ಡಾಕ್ಟರಿಗೆ ಹೇಳಿ, ಸವೆಸಿ ಕೊಡ್ತೀನಿ.’