ಯಾದಗಿರಿಯ ರೇಷನ್ ಕಾರ್ಡ್‌ಗೆ ಪುಣೆಯಲ್ಲೂ ಅಕ್ಕಿ: ಇದು ಹೇಗೆ ಸಾಧ್ಯ?

ಯಾದಗಿರಿ, ಕಲಬುರಗಿ ಕಡೆಯಿಂದ ಪುಣೆ, ಮುಂಬೈಗೆ ಗುಳೆ ಹೋಗುವ ಕೂಲಿಕಾರರಿಗೆ ಹಿಂದೆ ಒಂದು ನಷ್ಟ ತಪ್ಪುತ್ತಿರಲಿಲ್ಲ. ಕೈಯಲ್ಲಿ ರೇಷನ್ ಕಾರ್ಡ್ ಇದ್ದರೂ ಅದು ಊರಿನ ಒಂದೇ ನ್ಯಾಯಬೆಲೆ ಅಂಗಡಿಗೆ ಸೀಮಿತ. ಊರು ಬಿಟ್ಟರೆ ಅಕ್ಕಿಗೂ ಮಾರುಕಟ್ಟೆ ದರ ಕೊಡಬೇಕಿತ್ತು.

ಆ ಮಿತಿಯನ್ನು ತೆಗೆದದ್ದು 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ಯೋಜನೆ. 2019ರ ಆಗಸ್ಟ್‌ನಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾದ ಇದಕ್ಕೆ 2020ರ ಜನವರಿಯಲ್ಲಿ ಕರ್ನಾಟಕ ಸೇರಿತು. ಕೊರೊನಾ ಕಾಲದ ವಲಸಿಗರ ಸಂಕಷ್ಟದ ನಂತರ, 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಉಳಿದ ರಾಜ್ಯಗಳಿಗೆ ಗಡುವು ಹಾಕಿತು. 2022ರ ಜೂನ್‌ನಲ್ಲಿ ಅಸ್ಸಾಂ ಸೇರುವುದರೊಂದಿಗೆ ಇಡೀ ದೇಶ ಇದರ ವ್ಯಾಪ್ತಿಗೆ ಬಂತು.

ಇದಕ್ಕೆ ಹೊಸ ಕಾರ್ಡ್ ಬೇಕಿಲ್ಲ. ಪುಣೆಯ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡ್ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಹೇಳಿ, ಯಂತ್ರದ ಮೇಲೆ ಬೆರಳಿಟ್ಟರೆ ನಿಮ್ಮ ಕುಟುಂಬದ ಲೆಕ್ಕ ತೆರೆದುಕೊಳ್ಳುತ್ತದೆ. ಐದು ಜನರ ಬಿಪಿಎಲ್ ಕುಟುಂಬಕ್ಕೆ ತಲಾ 5 ಕಿಲೋದಂತೆ ತಿಂಗಳಿಗೆ 25 ಕಿಲೋ. ದುಡಿಯಲು ಬಂದ ಇಬ್ಬರು ಇಲ್ಲಿ 10 ಕಿಲೋ ಪಡೆದರೆ, ಊರಲ್ಲಿರುವ ಅಪ್ಪ-ಅವ್ವ, ಮಗುವಿಗೆ ಉಳಿದ 15 ಕಿಲೋ ಅಲ್ಲೇ ಸಿಗುತ್ತದೆ. 2023ರ ಜನವರಿಯಿಂದ ಈ ಧಾನ್ಯ ಪೂರ್ತಿ ಉಚಿತ.

ಆದರೆ ಒಂದು ವಿಷಯ ನೆನಪಿರಲಿ. ಹೊರರಾಜ್ಯದಲ್ಲಿ ಸಿಗುವುದು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ಕರ್ನಾಟಕ ಸರ್ಕಾರ ತನ್ನ ಖರ್ಚಿನಿಂದ ಕೊಡುವ ಹೆಚ್ಚುವರಿ ಪಾಲನ್ನು ಪುಣೆಯ ಅಂಗಡಿಯವರ ಬಳಿ ಕೇಳಿ ಪ್ರಯೋಜನವಿಲ್ಲ. ಧಾನ್ಯವೂ ಅಷ್ಟೇ: ಆ ಊರಿನವರಿಗೆ ಗೋಧಿ ಕೊಟ್ಟರೆ ನಿಮಗೂ ಗೋಧಿ.

ನಿಜವಾದ ತೊಡಕು ಬೆರಳಚ್ಚಿನದು. ಸಿಮೆಂಟು, ಇಟ್ಟಿಗೆ ಹೊತ್ತು ಸವೆದ ಬೆರಳನ್ನು ಯಂತ್ರ ಕೆಲವೊಮ್ಮೆ ಗುರುತಿಸುವುದಿಲ್ಲ. ಊರಿನ ಅಂಗಡಿಯವನಿಗೆ ನಿಮ್ಮ ಮುಖ ಗೊತ್ತು, ಮನೆತನ ಗೊತ್ತು. ಪರಊರಿನಲ್ಲಿ ನಿಮ್ಮ ಪರ ಸಾಕ್ಷಿ ಹೇಳಲು ಆ ಯಂತ್ರ ಬಿಟ್ಟರೆ ಯಾರೂ ಇಲ್ಲ. ಯೋಜನೆಯ ಲಾಭ ಯಾರಿಗೆ ಹೆಚ್ಚು ಬೇಕೋ ಅವರ ಬೆರಳೇ ಹೆಚ್ಚು ಸವೆದಿರುತ್ತದೆ! ಹಾಗಾಗಿ ಕುಟುಂಬದ ಒಬ್ಬರದ್ದಷ್ಟೇ ಅಲ್ಲ, ಎಲ್ಲ ಸದಸ್ಯರ ಆಧಾರ್ ಕಾರ್ಡ್‌ಗೆ ಜೋಡಣೆಯಾಗಿರಲಿ. ಒಬ್ಬರ ಬೆರಳಚ್ಚು ಹೊಂದದಿದ್ದರೆ ಜೊತೆಗಿರುವ ಇನ್ನೊಬ್ಬರು ಪಡೆಯಬಹುದು. ಬಾಕಿ ಇರುವ ಇ-ಕೆವೈಸಿಯನ್ನು ನೀವಿರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಮುಗಿಸಬಹುದು, ಅದಕ್ಕಾಗಿ ರಜೆ ಹಾಕಿ ಊರಿಗೆ ಹೋಗಬೇಕಿಲ್ಲ.

ಹೊರರಾಜ್ಯದ ಕಾರ್ಡ್ ನಡೆಯುವುದಿಲ್ಲ ಎಂದು ಅಂಗಡಿಯವರು ಹೇಳಿದರೆ ಸಹಾಯವಾಣಿ 14445ಕ್ಕೆ ಕರೆ ಮಾಡಿ.